ಮಣ್ಣು ಮುಚ್ಚಿದರೆ ಕ್ಲೀನ್ ಆಯ್ತಾ?

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ, ಬರೆದೇ ಬಿಡುತ್ತೇನೆ. ಬಾಗಿಲು ಹಾಕಿದ ಒಂದು ಹಳೇ ಫೌಂಡ್ರಿ, ಅಂದರೆ ಕಂಚು ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯುತ್ತಿದ್ದ ಕಾರ್ಖಾನೆ. ಗೇಟಿಗೆ ಹೊಸ ಬೋರ್ಡು: ‘ಜಾಗ ಸ್ವಚ್ಛಗೊಳಿಸಲಾಗಿದೆ’. ಒಳಗೆ ನೋಡಿದರೆ ಲಾರಿ ಕೆಂಪು ಮಣ್ಣು ಸುರಿಯುತ್ತಿದೆ, ಜೆಸಿಬಿ ಹರಡುತ್ತಿದೆ. ಅಷ್ಟೇ. ಸ್ವಚ್ಛ! ಸುಮ್ನೆ ಚಪ್ಪಲಿ ತುದಿಯಿಂದ ಕೆರೆದೆ. ನಾಲ್ಕು ಬೆರಳು ಕೆಳಗೇ ಕಪ್ಪು ಮರಳು, ಅದರಲ್ಲಿ ಗಾಜಿನ ಹಾಗೆ ಹೊಳೆಯುವ ಕಿಟ್ಟದ ಚೂರು.

ಅಂಥ ಮರಳನ್ನು ಇನ್ನೊಂದು ಫೌಂಡ್ರಿಯಲ್ಲಿ ವರ್ಷಗಟ್ಟಲೆ ಅಚ್ಚಿಗೆ ತುಂಬಿದವನು ನಾನು. ನಾವು ಹೊಯ್ಯುತ್ತಿದ್ದ ಗನ್‌ಮೆಟಲ್ ಅನ್ನುವ ಕಂಚಿನಲ್ಲಿ ನೂರಕ್ಕೆ 85 ಭಾಗ ತಾಮ್ರ. ತವರ, ಸೀಸ, ಸತು ತಲಾ 5. ಕುಲುಮೆಯ ಹೊಗೆಯಲ್ಲಿ ಎದ್ದ ಸೀಸ, ಮರಳಿಗೆ ಅಂಟಿದ ಸೀಸ, ಗ್ರೈಂಡಿಂಗ್ ಧೂಳಲ್ಲಿ ಉದುರಿದ ಸೀಸ ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಇಲ್ಲ. ಅದೇನು ತರಗೆಲೆಯಾ ಕೊಳೆಯೋಕೆ? ನೂರು ವರ್ಷ ಬಿಟ್ಟು ಅಗೆದರೂ ಸೀಸ ಸೀಸವೇ.

‘ಮುಚ್ಚುವುದೂ ಒಪ್ಪಿತ ವಿಧಾನವೇ’ ಅಂತ ಅಲ್ಲಿದ್ದ ಎಂಜಿನಿಯರ್ ನನಗೆ ಪಾಠ ಮಾಡಿದರು. ಹೌದು ಸರ್, ಒಪ್ಪಿದೆ. ಆದರೆ ಅದಕ್ಕೂ ಮೊದಲು ಜಾಗವನ್ನು ಚೌಕ ಚೌಕ ಗುರುತಿಸಿ, ಬೇರೆ ಬೇರೆ ಆಳದ ಮಣ್ಣು ತೆಗೆದು ಲ್ಯಾಬಿಗೆ ಕಳಿಸಬೇಕು, ತೀರಾ ಕೆಟ್ಟದ್ದನ್ನು ಅಗೆದು ಸಾಗಿಸಬೇಕು, ಇಲ್ಲವೇ ಫಾಸ್ಫೇಟೋ ಸಿಮೆಂಟೋ ಬೆರೆಸಿ ಸೀಸ ನೀರಿಗೆ ಇಳಿಯದ ಹಾಗೆ ಕಟ್ಟಿಹಾಕಬೇಕು, ಮುಚ್ಚಿದ ಮೇಲೂ ಪಕ್ಕದಲ್ಲಿ ಬಾವಿ ಕೊರೆದು ವರ್ಷಗಟ್ಟಲೆ ನೀರು ಪರೀಕ್ಷಿಸಬೇಕು, ಮುಂದೆ ಯಾರೂ ಅಗೆಯದ ಹಾಗೆ ಜಾಗದ ದಾಖಲೆಯಲ್ಲೇ ಬರೆದಿಡಬೇಕು. ಇವರು ಮುಚ್ಚುವ ಕೆಲಸವನ್ನೇ ಮೊದಲು ಮಾಡಿದ್ದಾರೆ, ಅದೂ ನಾಲ್ಕು ಬೆರಳಷ್ಟು. ಲ್ಯಾಬ್ ರಿಪೋರ್ಟ್ ತೋರಿಸಿ ಅಂದೆ. ಅಷ್ಟರಲ್ಲಿ ಪಾಪ, ಅವರಿಗೆ ಯಾವುದೋ ಫೋನ್ ಬಂತು.

ಅಲ್ಲಿ ಮಕ್ಕಳ ಆಟದ ಮೈದಾನ ಬರುತ್ತದಂತೆ. ಮಣ್ಣಾಡಿದ ಕೈ ಮಕ್ಕಳ ಬಾಯಿಗೆ ಹೋಗದೇ ಇರುತ್ತದಾ? ಹೊಟ್ಟೆಗೆ ಹೋದ ಸೀಸವನ್ನು ಪುಟ್ಟ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಹೀರುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಬೋರ್ಡು ಬರೆದವರಿಗೆ ಮಾತ್ರ ಗೊತ್ತಿರಬೇಕು.

ಇಷ್ಟು ಕೋಪ ಯಾಕೆ ಅಂತೀರಾ? ಇದುವರೆಗೂ ಯಾರಿಗೂ ಹೇಳಿಲ್ಲ. ನಮ್ಮ ಶೆಡ್ಡಿನ ಹಳೇ ಮರಳನ್ನು ತಳ್ಳುಗಾಡಿಯಲ್ಲಿ ಒಯ್ದು ಹಿಂದಿನ ಹಳ್ಳಕ್ಕೆ ಸುರಿಯುತ್ತಿದ್ದವನು ನಾನೇ. ಮೇಲೆ ಒಂದಿಷ್ಟು ಮಣ್ಣು ಎಳೆದು, ಕೈ ಒರೆಸಿಕೊಂಡು, ‘ಕ್ಲೀನ್ ಆಯ್ತು’ ಅಂತ ಮೇಸ್ತ್ರಿಗೆ ಹೇಳುತ್ತಿದ್ದೆ.