ಫ್ಯಾಕ್ಟರಿ ಕೊಟ್ಟ ಪುಡಿ

ಹೋದ ವಾರ ನಮ್ಮ ಬೀದಿಯಲ್ಲಿ ಒಬ್ಬರು ಹಳೆ ಕೊಟ್ಟಿಗೆ ಕೆಡವಿಸಿದರು. ಮಾಡಿನ ಸಿಮೆಂಟ್ ಶೀಟುಗಳನ್ನು ಹುಡುಗರು ಸುತ್ತಿಗೆಯಲ್ಲಿ ಕುಟ್ಟಿ ಪುಡಿ ಮಾಡಿ ರಸ್ತೆಯ ಗುಂಡಿಗೆ ತುಂಬಿದರು. ಪಂಚಾಯಿತಿ ಮಾಡದ ಕೆಲಸ ಪುಕ್ಕಟೆ ಆಯ್ತಲ್ಲ ಅಂತ ಎಲ್ಲರಿಗೂ ಖುಷಿ. ನನಗೆ ಮಾತ್ರ ಇಟಲಿಯ ಒಂದು ಊರು ನೆನಪಾಗಿ ತಳಮಳ ಶುರುವಾಯಿತು.

ಕಸಾಲೆ ಮೊನ್‌ಫೆರ್ರಾಟೊ. ಪಿಯೆಮೊಂಟೆ ಸೀಮೆಯಲ್ಲಿ, ಪೋ ನದಿಯ ದಡದಲ್ಲಿದೆ. ನದಿ ದಾಟಿದರೆ ಭತ್ತದ ಗದ್ದೆಗಳ ಬಯಲು (ಹೌದು, ಇಟಲಿಯಲ್ಲಿ ಭತ್ತ ಬೆಳೆಯುತ್ತಾರೆ). ಈಚೆ ಕಡೆ ದ್ರಾಕ್ಷಿ ಬಳ್ಳಿಯ ಗುಡ್ಡಗಳು. ಆ ಗುಡ್ಡದ ಮನೆಗಳ ಅಡಿಯಲ್ಲಿ ಬಂಡೆಯನ್ನು ಕೈಯಲ್ಲೇ ಕೊರೆದು, ಗಾಳಿ ಬೆಳಕಿಲ್ಲದ ಕೋಣೆ ಮಾಡಿ ವೈನ್ ಬಾಟಲಿ ಇಡುತ್ತಿದ್ದರು. 'ಇನ್ಫೆರ್ನೊತ್' ಅಂತಾರೆ. 2014ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದವು. ಊರಲ್ಲಿ ಕೋಟೆ ಇದೆ. 1595ರ ಯಹೂದಿ ಮಂದಿರ ಇದೆ, ಹೊರಗಿಂದ ಸಾದಾ ಮನೆ, ಒಳಗೆ ಹೋದರೆ ಬರೀ ಚಿನ್ನದ ಬಣ್ಣ. ಹಳೇ ರಾಜನ ಮೀಸೆಯ ಹಾಗೆ ಬಾಗಿದ ಕ್ರುಮಿರಿ ಬಿಸ್ಕತ್ತೂ ಇಲ್ಲಿಯದೇ.

ಆ ಗುಡ್ಡದ ಮಣ್ಣು ಸಿಮೆಂಟಿಗೆ ಹೇಳಿ ಮಾಡಿಸಿದ್ದು. ಹಾಗಾಗಿಯೇ 1907ರಲ್ಲಿ ಎಟರ್ನಿಟ್ ಫ್ಯಾಕ್ಟರಿ ಬಂತು. ಹೆಸರಿನ ಮೂಲ ಲ್ಯಾಟಿನ್, ಶಾಶ್ವತ ಅನ್ನೋ ಅರ್ಥ. ಸಿಮೆಂಟಿಗೆ ಕಲ್ನಾರು ಬೆರೆಸಿ ಶೀಟು, ಪೈಪು ಮಾಡುತ್ತಿದ್ದರು. ಅಸ್ಬೆಸ್ಟಾಸ್‌ಗೆ ಕನ್ನಡದ ಕಲ್ನಾರು ಎಷ್ಟು ಸರಿಯಾದ ಹೆಸರು ನೋಡಿ. ಅಪಾಯ ಇರೋದೇ ಆ ನಾರಿನಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಉಸಿರಿನ ಜೊತೆ ಒಳಹೋಗಿ ಶ್ವಾಸಕೋಶದ ಸುತ್ತಲ ಪೊರೆಯಲ್ಲಿ ಕೂತುಬಿಡುತ್ತದೆ. ಮೂವತ್ತು, ನಲವತ್ತು ವರ್ಷ ಸುಮ್ನೆ ಇರುತ್ತದೆ. ಆಮೇಲೆ ಮೆಸೊಥೆಲಿಯೋಮಾ ಅನ್ನುವ ಕ್ಯಾನ್ಸರ್.

ನನ್ನನ್ನು ಕಾಡುವುದು 'ಪೊಲ್ವೆರಿನೊ'. ಪೈಪುಗಳನ್ನು ಲೇತಿನಲ್ಲಿ ಸವರುವಾಗ ಉದುರುತ್ತಿದ್ದ ಪುಡಿ. ಅದನ್ನು ಊರಿನವರು ಚೀಲದಲ್ಲಿ ಮನೆಗೆ ಒಯ್ಯುತ್ತಿದ್ದರು. ಅಂಗಳಕ್ಕೆ ಹಾಸಿದರು. ಚಳಿ ತಡೆಯಲಿ ಅಂತ ಅಟ್ಟಕ್ಕೆ ಸುರಿದರು. ಮಕ್ಕಳು ಅದರ ಮೇಲೇ ಆಡಿದರು. ಫ್ಯಾಕ್ಟರಿಯ ಕೊಳೆ ನದಿದಡದಲ್ಲಿ ಗಟ್ಟಿಯಾಗಿ ಬೆಳ್ಳಗಿನ ಬೀಚ್ ಆಗಿತ್ತು, ಬೇಸಿಗೆಯಲ್ಲಿ ಅಲ್ಲಿ ಬಿಸಿಲು ಕಾಯುತ್ತಿದ್ದರು. ಗಂಡಂದಿರ ಕೆಲಸದ ಬಟ್ಟೆ ಕೊಡವಿ ಒಗೆದ ಹೆಂಗಸರೂ ಸತ್ತರು.

ರೊಮಾನಾ ಬ್ಲಾಸೊಟ್ಟಿ ಪವೇಸಿ ಅಂತ ಒಬ್ಬರು ಅಜ್ಜಿ. ಗಂಡ, ಸೋದರಿ, ಒಬ್ಬ ಕಸಿನ್, ಒಬ್ಬ ಸೋದರಳಿಯ, ಕೊನೆಗೆ 2004ರಲ್ಲಿ ಮಗಳು. ಒಂದೇ ಮನೆತನದ ಐದು ಜನ ಇದೇ ಕಾಯಿಲೆಗೆ ಹೋದರು. ಫ್ಯಾಕ್ಟರಿಯಲ್ಲಿ ದುಡಿದಿದ್ದವರು ಗಂಡ ಮಾತ್ರ. ಸಂತ್ರಸ್ತರ ಸಂಘ ಕಟ್ಟಿ ಕೋರ್ಟು ಹತ್ತಿದ ಆಕೆ 2024ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಕೋರ್ಟಿನ ಕಥೆ ಕೇಳಿದರೆ ಮೈ ಉರಿಯುತ್ತದೆ. ಕಂಪನಿ 1986ರಲ್ಲಿ ದಿವಾಳಿಯಾಗಿ ಬಾಗಿಲು ಹಾಕಿತ್ತು. 2012ರಲ್ಲಿ ಅದರ ಸ್ವಿಸ್ ಮಾಲೀಕ ಸ್ಟೆಫಾನ್ ಶ್ಮಿಡ್‌ಹೈನಿಗೆ 16 ವರ್ಷ, ಮೇಲ್ಮನವಿಯಲ್ಲಿ 18 ವರ್ಷ ಶಿಕ್ಷೆ ಆಯಿತು. 2014ರ ನವೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಎಲ್ಲ ರದ್ದು ಮಾಡಿತು. ಅಪರಾಧ ಫ್ಯಾಕ್ಟರಿ ಮುಚ್ಚಿದ ದಿನವೇ ಮುಗಿದಿದೆ, ಕಾಲಮಿತಿ ದಾಟಿದೆ ಅಂತ. ರೋಗ ಹೊರಬರೋಕೇ ನಲವತ್ತು ವರ್ಷ ಬೇಕು, ಕಾನೂನು ಅಷ್ಟರೊಳಗೆ ಫೈಲ್ ಮುಚ್ಚಿಬಿಡುತ್ತದೆ! ಆಮೇಲೆ ಒಂದೊಂದು ಸಾವನ್ನೂ ಲೆಕ್ಕ ಹಿಡಿದು ಹೊಸ ಕೇಸು ಹಾಕಿದರು. 2023ರಲ್ಲಿ ನೊವಾರಾ ಕೋರ್ಟು ಅವನಿಗೆ 12 ವರ್ಷ ಕೊಟ್ಟಿತು. ಅದೂ ಮೇಲ್ಮನವಿಗೆ ಹೋಯಿತು.

ಈ ಊರಿನ ಬಗ್ಗೆ ನನಗೆ ಜಾಸ್ತಿ ಗೌರವ ಬಂದದ್ದು ಬೇರೆ ಕಾರಣಕ್ಕೆ. ಮೊದಲ ಕೇಸಿನಿಂದ ಹಿಂದೆ ಸರಿದರೆ ಪುರಸಭೆಗೆ ಸುಮಾರು 18 ಮಿಲಿಯನ್ ಯೂರೋ ಕೊಡ್ತೀವಿ ಅಂತ ಶ್ಮಿಡ್‌ಹೈನಿ ಕಡೆಯವರು ಅಂದಿದ್ದರು. 2011ರ ಡಿಸೆಂಬರಿನಲ್ಲಿ ಪುರಸಭೆ ಒಪ್ಪಿಯೂ ಆಗಿತ್ತು. ಜನ ಬೀದಿಗಿಳಿದರು. ತೀರ್ಪಿಗೆ ಮುಂಚೆ ಪುರಸಭೆ ಆ ದುಡ್ಡು ಬೇಡ ಅಂದಿತು. ನಮ್ಮಲ್ಲಿ ಹೀಗಾಗುತ್ತಿತ್ತಾ? ನನಗಂತೂ ಅನುಮಾನ.

ಇಡೀ ದೇಶ ಕಲ್ನಾರು ನಿಷೇಧಿಸಿದ್ದು 1992ರಲ್ಲಿ. ಕಸಾಲೆಯಲ್ಲಿ ಮೇಯರ್ 1987ರಲ್ಲೇ ನಿಷೇಧಿಸಿದ್ದರು. ಫ್ಯಾಕ್ಟರಿಯನ್ನು ಒಡೆದು, ಅವಶೇಷವನ್ನು ಕಾಂಕ್ರೀಟಿನಡಿ ಹೂತು, 2016ರಲ್ಲಿ ಮೇಲೆ ಪಾರ್ಕ್ ಮಾಡಿದ್ದಾರೆ. ಹೆಸರು ಎಟರ್ನೊತ್. ಬಿಳಿ ಕರವಸ್ತ್ರ ನೇತುಹಾಕಿದಂತೆ ಹೂಬಿಡುವ ಡೇವಿಡಿಯಾ ಗಿಡ ಬೆಳೆಸುತ್ತಿದ್ದಾರೆ.

ನಮ್ಮ ದೇಶದಲ್ಲಿ ಕಲ್ನಾರಿನ ಗಣಿ ನಿಂತಿದೆ, ಆಮದು ನಿಂತಿಲ್ಲ. ಶೀಟು ಬಡವರ ಸೂರು, ಗೊತ್ತು. ನಾನೂ ಅದರಡಿಯಲ್ಲೇ ಬೆಳೆದವನು, ಮಳೆ ಸದ್ದಿಗೆ ಪಾಠ ಕೇಳಿಸದೆ ಓದಿದವನು. ಸುಮ್ನೆ ಮಾಡಿನ ಮೇಲೆ ಗಟ್ಟಿಯಾಗಿ ಕೂತಿರುವಾಗ ಅಪಾಯ ಕಮ್ಮಿ. ಡ್ರಿಲ್ ಹೊಡೆದಾಗ, ಕೊಯ್ದಾಗ, ಒಡೆದಾಗ ನಾರು ಹಾರುತ್ತದೆ. ಒಡೆಯಲೇಬೇಕಾದರೆ ಮೊದಲು ಒದ್ದೆ ಮಾಡಿ ಅಂತ ಹೇಳುವವರಾದರೂ ಯಾರು?

ನಾನು ಹೇಳಿದೆ. "ಅದೆಲ್ಲ ಫಾರಿನ್ ಶೀಟಿಗೆ ಇರಬೇಕು ಮಾರಾಯ್ರೆ" ಅಂದರು. ಇವತ್ತು ಬೆಳಗ್ಗೆ ಆ ಗುಂಡಿಗೆ ಎರಡು ಕೊಡ ನೀರು ಹೊಯ್ದು, ಮೇಲೆ ನಾಲ್ಕು ಬುಟ್ಟಿ ಮಣ್ಣು ಮುಚ್ಚಿ ಬಂದೆ. ಬಸ್ಸಿಗೆ ಕಾಯುತ್ತಿದ್ದವರು ನೋಡಿ ನಕ್ಕರು.