ಇನ್ನೊಂದ್ ಸ್ವಲ್ಪ ಹಾಕಿದ್ರೆ ಮಾಮ...

ಮನೆಗೆ ಹೊಸ ಮಾನಿಟರ್ ಬಂದಿದೆ. 27 ಇಂಚು. ಅದರ ಬಲಗಡೆ ಮೂಲೆಯಲ್ಲಿ, ಗಡಿಯಾರ ತೋರಿಸುವ ಜಾಗಕ್ಕಿಂತ ಒಂದು ಬೆರಳು ಮೇಲೆ, ಒಂದು ಹಸಿರು ಚುಕ್ಕೆ ಇದೆ. ಬಿಳಿ ಪುಟ ತೆರೆದರೆ ಕಾಣುವುದಿಲ್ಲ. ಕಪ್ಪು ಬಂದ ಕೂಡಲೇ ಎದ್ದು ಕೂರುತ್ತದೆ. ಆಟದಲ್ಲಿ ಕತ್ತಲೆ ಗುಹೆಯೊಳಗೆ ಕಾಲಿಟ್ಟರೆ ನನಗಿಂತ ಮೊದಲೇ ಅಲ್ಲಿ ಹಾಜರು. ಮೊನ್ನೆ ಅದನ್ನು ಶತ್ರುವಿನ ಕಣ್ಣು ಅಂದುಕೊಂಡು ಇದ್ದಬದ್ದ ಗುಂಡನ್ನೆಲ್ಲ ಅದರ ಮೇಲೆ ಖಾಲಿ ಮಾಡಿದೆ. ನಿಜವಾದ ಶತ್ರು ಹಿಂದಿನಿಂದ ಬಂದ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿ ಆಮೇಲೆ ಒಬ್ಬ ಹುಡುಗ ಸಿಕ್ಕಿದ.

“ಎಷ್ಟು ಚುಕ್ಕೆ ಇದೆ ಸಾರ್?”

“ಒಂದು.”

“ಒಂದೇನಾ?” ಅಂದ. ದನಿಯಲ್ಲಿ ನಿರಾಸೆ. “ಬಟ್ಟೇಲಿ ಒರೆಸಿ ನೋಡಿದ್ರಾ ಸಾರ್?”

ಒರೆಸಿದೆ, ಹೋಗಲಿಲ್ಲ ಅಂದೆ. ಒಂದು ಚುಕ್ಕೆಗೆಲ್ಲ ಬದಲಾಯಿಸಿ ಕೊಡಲು ಕಂಪನಿ ನಿಯಮದಲ್ಲಿ ಅವಕಾಶ ಇಲ್ಲವಂತೆ. “ಇನ್ನೂ ಜಾಸ್ತಿ ಆದ್ಮೇಲೆ ಕಾಲ್ ಮಾಡಿ ಸಾರ್” ಅಂತ ಸಮಾಧಾನ ಹೇಳಿ ಇಟ್ಟ. ಕೊಟ್ಟ ದುಡ್ಡಿನ ವಸ್ತು ಇನ್ನಷ್ಟು ಕೆಡಲಿ ದೇವರೇ ಅಂತ ಹರಕೆ ಹೊತ್ತುಕೊಳ್ಳುವ ಪರಿಸ್ಥಿತಿ.

ಸಿಟ್ಟಿನಲ್ಲಿ ಲೆಕ್ಕ ಹಾಕಿದೆ. ಈ ಪರದೆಯಲ್ಲಿ ಅಡ್ಡಕ್ಕೆ 2560, ಉದ್ದಕ್ಕೆ 1440 ಚುಕ್ಕೆ. ಗುಣಿಸಿದರೆ 36,86,400. ಒಂದೊಂದರೊಳಗೂ ಕೆಂಪು, ಹಸಿರು, ನೀಲಿ ಅಂತ ಮೂರು ಮರಿಚುಕ್ಕೆ. ಒಟ್ಟು ಒಂದು ಕೋಟಿ ಹತ್ತು ಲಕ್ಷಕ್ಕೂ ಜಾಸ್ತಿ. ಅಷ್ಟರಲ್ಲಿ ಆರದೇ ಉರಿಯುತ್ತಿರುವುದು ಒಂದೇ ಒಂದು. ಲೆಕ್ಕದ ಪ್ರಕಾರ ನಾನು ಖುಷಿಯಾಗಿರಬೇಕು. ಮನೆಗೆ ಬಂದವರಿಗೆ ತೋರಿಸಿದರೆ ಯಾರಿಗೂ ಅದು ಕಾಣುವುದಿಲ್ಲ. ನನಗೆ ಅದು ಬಿಟ್ಟು ಬೇರೇನೂ ಕಾಣುವುದಿಲ್ಲ.

ಅಸಲಿಗೆ ಈ ಮಾನಿಟರ್ ನಾನು ತಗೊಳ್ಳಬೇಕು ಅಂದುಕೊಂಡದ್ದೇ ಅಲ್ಲ. ನನಗೆ ಬೇಕಿದ್ದದ್ದು 24 ಇಂಚಿನದು. ಎಲ್ಲಾ ಸೇರಿ ಅರವತ್ತು ಸಾವಿರದೊಳಗೆ ಒಂದು ಗೇಮಿಂಗ್ ಪಿಸಿ, ಕಥೆ ಮುಗಿಯಿತು ಅಂತಿದ್ದೆ. ಆಗ ಅಕ್ಕನ ಮಗ ಮನೆಗೆ ಬಂದ.

ಅವನು ಇಂಜಿನಿಯರಿಂಗ್ ಓದುತ್ತಿದ್ದಾನೆ. ಸಿವಿಲ್. ಆದರೆ ಕಂಪ್ಯೂಟರ್ ಬಿಡಿಭಾಗಗಳ ವಿಷಯ ಎತ್ತಿದರೆ ಊಟ ಬಿಡುತ್ತಾನೆ. ಅವನಲ್ಲಿ ಒಂದೇ ಒಂದು ಅಭ್ಯಾಸ ಇದೆ. ಯಾವ ವಸ್ತು ತೋರಿಸಿದರೂ ಅದನ್ನು ಬೈಯುವುದಿಲ್ಲ. “ಚೆನ್ನಾಗಿದೆ ಮಾಮ” ಅನ್ನುತ್ತಾನೆ. ಸ್ವಲ್ಪ ಸುಮ್ಮನಿರುತ್ತಾನೆ. ಆಮೇಲೆ ಕನ್ನಡಕ ಮೇಲೆ ತಳ್ಳಿಕೊಂಡು, “ಇನ್ನೊಂದ್ ಸ್ವಲ್ಪ ಹಾಕಿದ್ರೆ...” ಅಂತ ಶುರು ಮಾಡುತ್ತಾನೆ.

ನಾನು ಬರೆದುಕೊಂಡಿದ್ದ ಪಟ್ಟಿಯಲ್ಲಿ ರೈಜನ್ 5 5600 ಪ್ರೊಸೆಸರ್ ಇತ್ತು. “ಚೆನ್ನಾಗಿದೆ ಮಾಮ. ಆದ್ರೆ ಅದು ಕೂರೋದು ಎಎಂ4 ಸಾಕೆಟ್ಟಲ್ಲಿ. ಹಳೇದು. ಮುಂದೆ ಅಪ್‌ಗ್ರೇಡ್ ಮಾಡಕ್ಕೆ ದಾರಿ ಇರಲ್ಲ. ಇನ್ನೊಂದ್ ಸ್ವಲ್ಪ ಹಾಕಿದ್ರೆ ಎಎಂ5 ಬರತ್ತೆ.” ಕೀಲಿ ಮುರಿದ ಲ್ಯಾಪ್‌ಟಾಪನ್ನೇ ವರ್ಷಗಟ್ಟಲೆ ಬಳಸುತ್ತಿರುವ ನಾನು, ಮುಂದೆ ಅಪ್‌ಗ್ರೇಡ್ ಮಾಡಲು ದಾರಿ ಇರಲ್ಲ ಅಂದ ಕೂಡಲೇ ಯಾಕೆ ಹೆದರಿದೆನೋ ಗೊತ್ತಿಲ್ಲ. ಸರಿ, ಎಎಂ5 ಆಯಿತು. ಎಎಂ5 ಬೋರ್ಡಿನಲ್ಲಿ ಹಳೆಯ ತಲೆಮಾರಿನ ಡಿಡಿಆರ್4 ರ‍್ಯಾಮ್ ಕೂರುವುದೇ ಇಲ್ಲ, ಅದರ ಕಚ್ಚು ಬೇರೆ ಕಡೆ ಇರುತ್ತದೆ. ಡಿಡಿಆರ್5 ಬೇಕು. ಸರಿ, ಅದೂ ಆಯಿತು.

“ಈಗ ಪ್ರೊಸೆಸರ್ ಚೆನ್ನಾಗಾಯ್ತು ಮಾಮ. ಗ್ರಾಫಿಕ್ಸ್ ಕಾರ್ಡ್ ಬಾಟಲ್‌ನೆಕ್ ಆಗತ್ತೆ. ಅಂದ್ರೆ ಅದೊಂದೇ ನಿಧಾನ ಆಗಿ ಉಳಿದಿದ್ದನ್ನೆಲ್ಲ ತಡೆದು ನಿಲ್ಲಿಸತ್ತೆ.”

ಗ್ರಾಫಿಕ್ಸ್ ಕಾರ್ಡ್ ಮೇಲಕ್ಕೆ ಹೋಯಿತು. ಅದರ ಮೆಮೊರಿ 8 ಜಿಬಿ ಇದ್ದದ್ದು 16 ಜಿಬಿ ಆಯಿತು. ಅದಕ್ಕೆ 550 ವ್ಯಾಟಿನ ಪವರ್ ಸಪ್ಲೈ ಸಾಲದು, 650 ಬೇಕು. 650ಕ್ಕೂ 750ಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ, ಇನ್ನೊಂದ್ ಸ್ವಲ್ಪ ಹಾಕಿದ್ರೆ. ಕಾರ್ಡು ಉದ್ದ ಆದದ್ದರಿಂದ ಕ್ಯಾಬಿನೆಟ್ಟೂ ದೊಡ್ಡದಾಯಿತು. ಇಷ್ಟೆಲ್ಲ ಹಾಕಿ 24 ಇಂಚಿನ ಮಾನಿಟರ್ ಇಟ್ಟರೆ ಕಾರ್ಡು ಸುಮ್ನೆ ಕೂತಿರುತ್ತೆ ಮಾಮ, ವೇಸ್ಟು. ಆಗ ಬಂದದ್ದು ಈ 27 ಇಂಚು. ಉದ್ದಕ್ಕೆ 1080 ಚುಕ್ಕೆಯ ಹಳೆಯ ಪರದೆಗೆ ಹೋಲಿಸಿದರೆ ಇದರಲ್ಲಿ ಸುಮಾರು ಒಂದೂ ಮುಕ್ಕಾಲು ಪಟ್ಟು ಚುಕ್ಕೆ. ಅಷ್ಟೂ ಚುಕ್ಕೆಗೆ ಬಣ್ಣ ತುಂಬುವ ಕೆಲಸ ಪಾಪ ಆ ಕಾರ್ಡಿನದೇ ಅಲ್ವಾ?

“ಮಾಮ, ಮಾನಿಟರ್ ಸೂಪರ್. ಆದ್ರೆ ಈಗ ಕಾರ್ಡು ಸ್ವಲ್ಪ...”

ನಾನು ಎದ್ದು ಸ್ನಾನಕ್ಕೆ ಹೋದೆ.

ಬಾಟಲ್‌ನೆಕ್ ಹುಡುಕುವುದು ಅವನಿಗೆ ಚಟ. ಅಮ್ಮ ದೋಸೆ ಹಾಕುತ್ತಿದ್ದರೆ ಪಕ್ಕದಲ್ಲಿ ನಿಂತು, “ಅಜ್ಜಿ, ಕಾವಲಿ ದೊಡ್ಡದು, ಬರ್ನರ್ ಚಿಕ್ಕದು. ಬರ್ನರ್ ಬಾಟಲ್‌ನೆಕ್” ಅಂದ. ಅಮ್ಮ, “ಹೌದಾ ಪುಟ್ಟ?” ಅಂತ ಇನ್ನೊಂದು ದೋಸೆ ಹಾಕಿಕೊಟ್ಟರು. ನನ್ನ ಹೆಂಡತಿ ಅವನಿಗೆ ಕೇಳಿಸದ ಹಾಗೆ, “ರೀ, ನಮ್ಮನೇಲಿ ಬಾಟಲ್‌ನೆಕ್ ನಿಮ್ಮ ಸಂಬಳ ಅಂತ ಅವನಿಗೆ ಹೇಳಿದ್ದೀರಾ?” ಅಂದಳು.

ಒಂದು ಶನಿವಾರ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್‌ಪಿ ರೋಡಿಗೆ ಹೊರಟೆವು. ಚಿಕ್ಕಪೇಟೆ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು, ತಳ್ಳುಗಾಡಿ, ಸ್ಕೂಟರು, ತಲೆ ಮೇಲೆ ಟಿವಿ ಡಬ್ಬ ಹೊತ್ತವರ ನಡುವೆ ನುಸುಳಿ ಹೋಗಬೇಕು. ಪ್ರತಿ ಮೆಟ್ಟಿಲ ಬುಡದಲ್ಲೂ ಒಬ್ಬ ನಿಂತು, “ಲ್ಯಾಪ್‌ಟಾಪಾ ಸಾರ್? ಸಿಸಿಟಿವಿನಾ? ಏನ್ ಬೇಕು ಹೇಳಿ ಸಾರ್” ಅನ್ನುತ್ತಾನೆ. ನನ್ನ ಮುಖ ನೋಡಿ ಒಬ್ಬನೂ ಗೇಮಿಂಗ್ ಅನ್ನಲಿಲ್ಲ. ಒಬ್ಬನಂತೂ “ಪ್ರಿಂಟರ್ ರಿಪೇರಿನಾ ಸಾರ್?” ಅಂದ. ಬೇಜಾರಾಯಿತು.

ರ‍್ಯಾಮ್ ಬೆಲೆ ಕೇಳಿದಾಗ ಅಂಗಡಿಯವನು ಫೋನ್ ತೆಗೆದು ಯಾರಿಗೋ ಕೇಳಿ, “ಇದು ಇವತ್ತಿನ ರೇಟ್ ಸಾರ್. ಸೋಮವಾರ ಬಂದ್ರೆ ಇದೇ ಇರತ್ತೆ ಅಂತ ಹೇಳಕ್ಕಾಗಲ್ಲ” ಅಂದ. ಹಿಂದಿನ ವರ್ಷ ಇದ್ದದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಕಾರಣ ಕೇಳಿದರೆ ಎಐ. ಮೆಮೊರಿ ಚಿಪ್ ಮಾಡುವವರೆಲ್ಲ ಎಐ ಡೇಟಾ ಸೆಂಟರ್‌ಗಳಿಗೆ ಮಾರುವುದರಲ್ಲೇ ಮುಳುಗಿದ್ದಾರೆ. ನಮ್ಮಂಥವರಿಗೆ ‘ಕ್ರೂಷಿಯಲ್’ ಹೆಸರಿನಲ್ಲಿ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್ ಕಂಪನಿ 2025ರ ಡಿಸೆಂಬರಿನಲ್ಲಿ ಆ ವ್ಯಾಪಾರವನ್ನೇ ಮುಚ್ಚುತ್ತೇವೆ ಅಂತ ಹೇಳಿತು. ಎಲ್ಲೋ ಯಾರೋ ಬೆಕ್ಕಿಗೆ ಕೋಟು ಹಾಕಿದ ಚಿತ್ರ ಮಾಡಿಸಿಕೊಳ್ಳುತ್ತಾರೆ, ಅದರ ಬಿಸಿ ನನ್ನ ಜೇಬಿಗೆ ತಟ್ಟುತ್ತದೆ. ಆ ಚಿತ್ರವನ್ನು ನಮ್ಮ ಫ್ಯಾಮಿಲಿ ಗ್ರೂಪಿಗೆ ಫಾರ್ವರ್ಡ್ ಮಾಡುವವರೂ ನಮ್ಮ ದೊಡ್ಡಪ್ಪನೇ.

ಫ್ಯಾನಿನ ವಿಷಯದಲ್ಲಿ ಲೈಟು ಇಲ್ಲದ್ದು ಕೊಡಿ ಅಂತ ಬಹಳ ಕೇಳಿಕೊಂಡೆ. “ಸ್ಟಾಕ್ ಇಲ್ಲ ಸಾರ್. ಲೈಟ್ ಇಲ್ದಿದ್ರೆ ಯಾರು ತಗೋತಾರೆ?” ಅಂದ. ಹಾಗಾಗಿ ಈಗ ನಮ್ಮ ಮನೆಯಲ್ಲಿ ಗಾಜಿನ ಡಬ್ಬದೊಳಗೆ ಏಳು ಬಣ್ಣದ ದೀಪ ಸುತ್ತುತ್ತಿರುತ್ತದೆ. ಹೆಂಡತಿ ಮೊದಲ ಸಲ ನೋಡಿ, “ಗಣಪತಿ ಯಾವಾಗ ಕೂರಿಸ್ತೀರಿ?” ಅಂತ ಕೇಳಿದಳು.

ಮಾನಿಟರ್ ಅಂಗಡಿಯಲ್ಲಿ ಗೋಡೆ ತುಂಬ ಪರದೆ. ಎಲ್ಲದರಲ್ಲೂ ಒಂದೇ ಗಿಳಿ, ಒಂದೇ ಕತ್ತರಿಸಿದ ಕಿವಿಹಣ್ಣು. ಹುಡುಗ ಬಾಗಿದ ಪರದೆಯೊಂದನ್ನು ತೋರಿಸಿ, “ಇದು ಕರ್ವ್ಡ್ ಸಾರ್, ಇನ್ನೊಂದ್ ಸ್ವಲ್ಪ ಹಾಕಿದ್ರೆ ಸಿಗತ್ತೆ” ಅಂದ. ಅಕ್ಕನ ಮಗ ಅವನನ್ನು ಸ್ವಂತ ಅಣ್ಣನನ್ನು ಕಂಡ ಹಾಗೆ ನೋಡಿದ.

ನಾನು ಮಾತ್ರ ಬೇರೆ ಎಲ್ಲೋ ಇದ್ದೆ. 2003ರ ಸುಮಾರಿಗೆ ಹಾಸನದಲ್ಲಿ ಓದುವಾಗ, ಬಸ್ ಸ್ಟ್ಯಾಂಡ್ ಹತ್ತಿರ ಒಂದು ಸೈಬರ್ ಕೆಫೆ ಇತ್ತು. ಅಲ್ಲಿನ ಪರದೆಗಳೂ ಬಾಗಿಯೇ ಇದ್ದವು, ಆದರೆ ಹೊರಗೆ. ಹೊಟ್ಟೆ ಮುಂದೆ ಬಂದ ಗಾಜು. ಆಗ ಚಪ್ಪಟೆ ಪರದೆ ಅಂದರೆ ಶ್ರೀಮಂತರದು. ಪ್ಲೈವುಡ್ ತಡಿಕೆಯ ಆ ಕಡೆ ಈ ಕಡೆ ಕೂತು ನಾವು ನಾಲ್ಕೈದು ಜನ ಒಬ್ಬರಿಗೊಬ್ಬರು ಗುಂಡು ಹೊಡೆಯುತ್ತಿದ್ದೆವು. ಮೌಸು ಓಡದಿದ್ದರೆ ಮಗುಚಿ, ಕೆಳಗಿನ ಬಿಲ್ಲೆ ತಿರುಗಿಸಿ, ರಬ್ಬರಿನ ಗುಂಡು ಹೊರಗೆ ತೆಗೆದು, ಒಳಗಿನ ರೋಲರಿಗೆ ಮೆತ್ತಿದ ಕಪ್ಪು ಕೊಳೆಯನ್ನು ಉಗುರಲ್ಲಿ ಕೆರೆಯಬೇಕಿತ್ತು. ಗುಂಡು ಕಳುವಾಗುತ್ತದೆ ಅಂತ ಓನರ್ ಹೊರಡುವ ಮುಂಚೆ ಎಲ್ಲಾ ಮೌಸನ್ನೂ ಅಲ್ಲಾಡಿಸಿ ನೋಡುತ್ತಿದ್ದ. ದುಡಿಯಲು ಶುರು ಮಾಡಿದ ಮೇಲೆ ಎಲ್ಲರೂ ಒಂದೊಂದು ಸಿಸ್ಟಮ್ ತಗೊಂಡು ರಾತ್ರಿಯೆಲ್ಲ ಆಡೋಣ ಅಂತ ಮಾತಾಗಿತ್ತು. ಆ ಗುಂಪಿನಲ್ಲಿ ಈಗ ಒಬ್ಬ ದುಬೈಯಲ್ಲಿದ್ದಾನೆ. ಪಟ್ಟಿ ಕಳಿಸಿದರೆ, “ಗುರು, ನಂಗೆ ಕುತ್ತಿಗೆ ನೋವು, ಕೂರಕ್ಕಾಗಲ್ಲ” ಅಂತ ಉತ್ತರ ಬಂತು. ಉಳಿದವರು ಹೆಬ್ಬೆಟ್ಟು ತೋರಿಸಿದರು.

“ಬಿಲ್ ಬೇಕಾ ಸಾರ್?” ಅನ್ನುವ ದನಿ ನನ್ನನ್ನು ಎಸ್‌ಪಿ ರೋಡಿಗೆ ವಾಪಸ್ ತಂದಿತು. ಬಿಲ್ ಬೇಕು ಅಂದೆ. ವಾರಂಟಿಗೆ ಅದೇ ಆಧಾರ. 18% ಜಿಎಸ್‌ಟಿ ಸೇರಿಸಿದ ಮೊತ್ತ ನೋಡಿ ಒಂದು ಕ್ಷಣ ಬೇಡ ಅನ್ನಿಸಿತು. ಮನೆಗೆ ಬಂದಾಗ ಹೆಂಡತಿ, “ಎಷ್ಟಾಯ್ತು?” ಅಂದಳು. “ಯಾವುದರದ್ದು?” ಅಂತ ಕೇಳಿ ಮಾತು ಬೇರೆ ಕಡೆ ತಿರುಗಿಸಿದೆ.

ಜೋಡಿಸುವ ಕೆಲಸ ಅಕ್ಕನ ಮಗನದು. ಟಾರ್ಚ್ ಹಿಡಿಯುವ ಕೆಲಸ ನನ್ನದು. ಪವರ್ ಬಟನ್ನಿನ ವೈರುಗಳನ್ನು ಸಿಕ್ಕಿಸುವ ಪಿನ್ನುಗಳ ನಡುವೆ ಎರಡೂವರೆ ಮಿಲಿಮೀಟರ್ ಅಂತರ. ಹೆಂಡತಿಯ ಹುಬ್ಬಿನ ಪ್ಲಕ್ಕರ್ ತಂದು ಸಿಕ್ಕಿಸಿದ. ಬಟನ್ ಒತ್ತಿದ. ಫ್ಯಾನ್ ತಿರುಗಿತು, ದೀಪ ಕುಣಿಯಿತು, ಪರದೆ ಮಾತ್ರ ಕಪ್ಪು. ಅವನ ಮುಖ ಬಿಳಿ. ಡಿಡಿಆರ್5 ಬೋರ್ಡುಗಳು ಮೊದಲ ಸಲ ರ‍್ಯಾಮಿನ ಜೊತೆ ಹೊಂದಿಕೊಳ್ಳಲು ಕೆಲವು ನಿಮಿಷ ತಗೊಳ್ಳುತ್ತವೆ, ಆಗ ಪರದೆ ಕಪ್ಪಾಗಿಯೇ ಇರುತ್ತದೆ ಅಂತ ಅವನಿಗೆ ನೆನಪಾದದ್ದು ರ‍್ಯಾಮ್ ಕಿತ್ತು ಮತ್ತೆ ಹಾಕಿ, ಆ ನಿಮಿಷಗಳನ್ನು ಮೊದಲಿಂದ ಶುರು ಮಾಡಿಸಿದ ಮೇಲೆ.

ಕೊನೆಗೂ ಪರದೆ ಬೆಳಗಿತು. ಅವನು ಮೌಸ್ ಹಿಡಿದು ಬಾಣವನ್ನು ಗರಗರ ತಿರುಗಿಸಿದ.

“ನೋಡಿ ಮಾಮ! 180 ಹರ್ಟ್ಸ್! ಸೆಕೆಂಡಿಗೆ 180 ಸಲ ಚಿತ್ರ ಬದಲಾಗತ್ತೆ! ಹೆಂಗೆ ಜಾರತ್ತೆ ನೋಡಿ. ಇದಕ್ಕೇ ಹೇಳಿದ್ದು ಇನ್ನೊಂದ್ ಸ್ವಲ್ಪ ಹಾಕಿ ಅಂತ. ವ್ಯತ್ಯಾಸ ಗೊತ್ತಾಗ್ತಿದೆಯಾ?”

“ಗೊತ್ತಾಗ್ತಿದೆ” ಅಂದೆ. ಅಷ್ಟು ದುಡ್ಡು ಕೊಟ್ಟ ಮೇಲೆ ಇನ್ನೇನು ಹೇಳಲಿ?

ಅಮ್ಮನನ್ನು ಕರೆದು ತೋರಿಸಿದ. ಹೆಂಡತಿಯನ್ನು ಕರೆದು ತೋರಿಸಿದ. ವಿಡಿಯೋ ಕಾಲಿನಲ್ಲಿ ಅವನ ಅಮ್ಮನಿಗೂ ತೋರಿಸಿದ. ಅಕ್ಕ ಫೋನಿನ ಪರದೆಯಲ್ಲಿ ನೋಡಿಯೇ, “ಬಹಳ ಚೆನ್ನಾಗಿ ಜಾರ್ತಿದೆ ಕಣೋ” ಅಂದಳು. ಆಮೇಲೆ ನಾನು ಅಕ್ಷರ ದೊಡ್ಡದು ಮಾಡೋಣ ಅಂತ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದೆ. ಅಲ್ಲಿ ಕೆಳಗೆ 60 ಹರ್ಟ್ಸ್ ಅಂತಿತ್ತು. ವಿಂಡೋಸ್ ಎಷ್ಟೋ ಸಲ ಹೊಸ ಮಾನಿಟರನ್ನು 60ರಲ್ಲೇ ಓಡಿಸುತ್ತಿರುತ್ತದೆ, ನಾವೇ ಹೋಗಿ ಬದಲಾಯಿಸಬೇಕು. ಅಂದರೆ ಇಡೀ ಸಂಸಾರ ಸೇರಿ ಇಷ್ಟು ಹೊತ್ತು ಬೆರಗಾಗಿದ್ದು ನನ್ನ ಕೀಲಿ ಮುರಿದ ಲ್ಯಾಪ್‌ಟಾಪಿನ ವೇಗಕ್ಕೇ.

ಅವನು ಏನೂ ಮಾತಾಡದೆ 180ಕ್ಕೆ ಬದಲಾಯಿಸಿದ. ಮತ್ತೆ ಬಾಣ ತಿರುಗಿಸಿದ. “ಈಗ ನೋಡಿ ಮಾಮ” ಅಂದ, ಸಣ್ಣ ದನಿಯಲ್ಲಿ. ನಿಜ ಹೇಳಬೇಕೆಂದರೆ ಈ ಸಲ ವ್ಯತ್ಯಾಸ ಕಂಡಿತು. ನಾನು ಹೇಳಲಿಲ್ಲ. ಅಷ್ಟಾದರೂ ಸೇಡು ತೀರಿಸಿಕೊಳ್ಳಬೇಡವೇ?

ಹಸಿರು ಚುಕ್ಕೆಯನ್ನು ಸರಿ ಮಾಡಲು ಒಂದು ವಿಡಿಯೋ ಇದೆಯಂತೆ. ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಪಟಪಟ ಅಂತ ಗಂಟೆಗಟ್ಟಲೆ ಮಿಂಚಿಸಿದರೆ ಕೆಲವು ಸಲ ಚುಕ್ಕೆ ಸಡಿಲವಾಗುತ್ತದಂತೆ. ರಾತ್ರಿ ಹಾಕಿಟ್ಟು ಮಲಗಿದೆವು. ನೀರು ಕುಡಿಯಲು ಎದ್ದ ಅಮ್ಮ ನಡುಮನೆಯ ಗೋಡೆಯೆಲ್ಲ ಮಿಂಚುವುದನ್ನು ನೋಡಿ ಶಾರ್ಟ್ ಸರ್ಕ್ಯೂಟ್ ಅಂದುಕೊಂಡು ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿದರು. ಬೆಳಿಗ್ಗೆ ಫ್ರಿಜ್ಜಿನ ಹಾಲು ಒಡೆದಿತ್ತು. ಚುಕ್ಕೆ ಮಾತ್ರ ಹಾಗೇ ಇತ್ತು.

ನಿನ್ನೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಆನ್‌ಲೈನ್ ಆಡಲು ಕೂತೆ. ಎದುರಾಳಿಗಳೆಲ್ಲ ಶಾಲೆ ಹುಡುಗರು ಅಂತ ದನಿಯಲ್ಲೇ ಗೊತ್ತಾಗುತ್ತಿತ್ತು. ನಾನು ಬಾಗಿಲು ಯಾವ ಕಡೆ ಅಂತ ಹುಡುಕುವಷ್ಟರಲ್ಲಿ ಹೊಡೆದು ಹಾಕುತ್ತಿದ್ದರು. ಮತ್ತೆ ಹುಟ್ಟಿದೆ, ಮತ್ತೆ ಸತ್ತೆ. ಒಂದು ಮಾತು ಒಪ್ಪಬೇಕು. ಸಾಯುವುದು ಎಷ್ಟು ಸ್ಪಷ್ಟವಾಗಿ, ಎಷ್ಟು ನಯವಾಗಿ ಕಾಣುತ್ತದೆ ಅಂದರೆ, ಹಾಸನದಲ್ಲಿ ಯಾವತ್ತೂ ಹೀಗೆ ಸತ್ತಿರಲಿಲ್ಲ.

ಬೆಳಿಗ್ಗೆ ಅಕ್ಕನ ಮಗನಿಗೆ ಫೋನಿನಲ್ಲಿ ಇದನ್ನೇ ಹೇಳಿಕೊಂಡೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆ ಕಡೆ ಕನ್ನಡಕ ಮೇಲೆ ಹೋದದ್ದು ನನಗೆ ಗೊತ್ತಾಯಿತು.

“ಮಾಮ, ನಿಮ್ಮ ಆಟ ಚೆನ್ನಾಗೇ ಇದೆ. ಆ ಹಳೇ ಮೌಸ್ ಇದೆಯಲ್ಲ, ಅದು...”

“ಎಷ್ಟಾಗತ್ತೋ?” ಅಂದೆ.