ಸಾಹಿತ್ಯ: ಜನಪದ

ಮೂಡಲಗಿ, ಗೋಕಾಕ, ಜಮಖಂಡಿ, ಮುಧೋಳ ಕಡೆಯ ಹೊಸ ಡಿಜೆ ಹಾಡೊಂದನ್ನು ಯೂಟ್ಯೂಬಿನಲ್ಲಿ ತೆರೆಯಿರಿ. ಹಾಡು ಆಮೇಲೆ ಕೇಳಿದರಾಯಿತು, ಮೊದಲು ಕೆಳಗಿನ ಹೆಸರುಗಳನ್ನು ಓದಿ. ಗಾಯಕರಿದ್ದಾರೆ. ಕೀಬೋರ್ಡ್, ರಿದಂ ಪ್ಯಾಡ್, ಮಿಕ್ಸಿಂಗ್‌ನವರಿದ್ದಾರೆ. ಕ್ಯಾಮೆರಾ ಹಿಡಿದವರು, ಡ್ರೋನ್ ಹಾರಿಸಿದವರು, ಪೋಸ್ಟರ್ ಮಾಡಿದವರು ಇದ್ದಾರೆ. ವಿಶೇಷ ಆಭಾರದಲ್ಲಿ ಟ್ರ್ಯಾಕ್ಟರ್ ಕೊಟ್ಟ ಸಾವ್ಕಾರರು, ಹೀರೊ ಕುಣಿಯಲಿಕ್ಕೆ ಕಬ್ಬಿನ ಹೊಲ ಬಿಟ್ಟುಕೊಟ್ಟ ಕಾಕಾ, ಮಧ್ಯಾಹ್ನದ ರೊಟ್ಟಿ ಕಟ್ಟಿಸಿಕೊಟ್ಟ ಖಾನಾವಳಿ. ಇಷ್ಟೆಲ್ಲ ಮುಗಿದ ಮೇಲೆ ತಳದಲ್ಲಿ ಒಂದು ಸಾಲು. ಸಾಹಿತ್ಯ: ಜನಪದ.

ಈ ಜನಪದ ಎಂಬಾತ ಭಾರಿ ಚುರುಕಿನ ಮನುಷ್ಯ. ಬೀಸುವ ಹಾಡು, ಸೋಬಾನ ಪದ, ಡೊಳ್ಳಿನ ಪದ ಎಲ್ಲ ಬರೆದೂ ದಣಿಯದೆ, ಹೋದ ತಿಂಗಳು ವಾಟ್ಸಾಪ್ ಸ್ಟೇಟಸ್ ಮೇಲೆ ಒಂದು ಹಾಡು ಕಟ್ಟಿದ್ದಾನೆ. ಬ್ಲಾಕ್ ಮಾಡಿದ ಹುಡುಗಿಯ ಹತ್ತಿರ ರಿಚಾರ್ಜ್ ಮಾಡಿಸಿದ ಲೆಕ್ಕ ಕೇಳುವ ಹಾಡೂ ಆತನದೇ. ನಮ್ಮ ಮುತ್ತಜ್ಜಿಯರು ಬೀಸುಕಲ್ಲಿನ ಮುಂದೆ ಕುಳಿತು ಅದನ್ನು ಯಾವಾಗ ಹಾಡಿದ್ದರೋ, ಅದೊಂದು ಮಾತ್ರ ಯಾರಿಗೂ ನೆನಪಿಲ್ಲ.

ಅಸಲಿಗೆ ಹಾಡು ಬರೆದಾತ ಜೀವಂತ ಇದ್ದಾನೆ. ಬಾಜೂ ಊರಿನಲ್ಲೇ ಇದ್ದಾನೆ, ದಿನಾ ಗೌಂಡಿ ಕೆಲಸಕ್ಕೆ ಹೋಗುತ್ತಾನೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಆ ಸಾಹಿತ್ಯ ಅವನು ಇರುವ ತನಕ ಅವನದು, ಅವನು ತೀರಿಕೊಂಡ ಮೇಲೂ 60 ವರ್ಷ ಅವನ ಮಕ್ಕಳದು. ಕಾಯ್ದೆ ಅಷ್ಟು ದೂರ ಯೋಚಿಸಿದೆ. ನಮ್ಮವರು ಮನುಷ್ಯ ಗಾರೆ ಕಲಸುತ್ತ ನಿಂತಿರುವಾಗಲೇ ಅವನನ್ನು ಜನಪದ ಮಾಡಿ ಮುಗಿಸುತ್ತಾರೆ.

ಹಾಡಿನೊಳಗೆ ಹೆಸರು ಇಡುವ ಪದ್ಧತಿ ಈ ನೆಲಕ್ಕೆ ಹೊಸತಲ್ಲ. ಬಸವಣ್ಣನವರ ವಚನದ ಅಂಕಿತವಾದ ಕೂಡಲಸಂಗಮ ಬಾಗಲಕೋಟೆ ಜಿಲ್ಲೆಯಲ್ಲೇ ಇದೆ. ಆ ಅಂಕಿತ ತಿದ್ದಿ ಅಚ್ಚು ಹಾಕಿದ ಪುಸ್ತಕವನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು, ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಗಿ 2017ರಲ್ಲಿ ಸರ್ಕಾರದ ಪರವೇ ಇತ್ಯರ್ಥವಾಯಿತು. ಆ ಕಡೆ ವಿಜಯಪುರದ ಬಾದಶಹ ಎರಡನೇ ಇಬ್ರಾಹಿಂ ಆದಿಲಶಾಹ ಸ್ವತಃ ಹಾಡು ಕಟ್ಟುತ್ತಿದ್ದ. ತನ್ನ ಹೆಸರಿನ ಜತೆಗೆ ಮೋತಿ ಖಾನ್ ಎಂಬ ತಂಬೂರಿಯನ್ನೂ ಆತಶ್ ಖಾನ್ ಎಂಬ ಆನೆಯನ್ನೂ ಹಾಡಿನಲ್ಲಿ ತಂದ. ಆನೆಗೂ ಕ್ರೆಡಿಟ್ ಸಿಕ್ಕ ಸೀಮೆ ಇದು.

ಗೀಗೀ ಮೇಳದವರದೂ ಅದೇ ರೂಢಿ. ಕೊನೆಯ ನುಡಿಗೆ ಬಂದಾಗ ಊರು ಯಾವುದು, ಗುರು ಯಾರು, ಪದ ಕಟ್ಟಿದ ಕವಿ ಯಾರು ಎಂದು ಹಾಡಿಯೇ ಪದ ಮುಗಿಸುವುದು. ಈಗ ಈ ಪದ್ಧತಿಯೇ ಕಳ್ಳನಿಗೆ ಅನುಕೂಲವಾಗಿದೆ. ಹೆಸರು ಎಲ್ಲಿದೆ ಎಂದು ಹುಡುಕಬೇಕಾಗಿಲ್ಲ, ಕೊನೆಯ ನುಡಿ ಕತ್ತರಿಸಿದರೆ ಆಯಿತು. ರೀಲ್ಸ್‌ಗೆ ಹೇಗೂ 30 ಸೆಕೆಂಡಿನ ಪಲ್ಲವಿ ಸಾಕು. ಕತ್ತರಿಸಿದ ಜಾಗಕ್ಕೆ ಡಿಜೆ ಟ್ಯಾಗ್ ಬರುತ್ತದೆ: ಬಾವಿಯೊಳಗಿಂದ ಕೂಗಿದ ಹಾಗೆ ಪ್ರತಿಧ್ವನಿ ಹಚ್ಚಿದ ಗಂಡುದನಿ, ಡಿಜೆಯ ಹೆಸರು, ಅವನ ಊರು, ನಡುವೆ ಒಂದು ಪೊಲೀಸ್ ಸೈರನ್. ನಾಲ್ಕು ನಿಮಿಷದ ಹಾಡಿನಲ್ಲಿ ಇದು ಹತ್ತು ಸಲ ಬಂದರೂ ಯಾರೂ ಬೇಸರಿಸುವುದಿಲ್ಲ. ಕವಿಯ ಹೆಸರು ಒಂದು ಸಲ ಬಂದರೆ ಮಾತ್ರ ‘ಹಾಡ ಉದ್ದ ಆತು’.

ಕದಿಯುವ ಕೆಲಸಕ್ಕೂ ಕಸುಬು ಬೇಕು, ಅದನ್ನು ಒಪ್ಪಲೇಬೇಕು. ಹಾರ್ಮೋನಿಯಂನ ಕರಿ ಎರಡರ ಪಟ್ಟಿಯಲ್ಲಿದ್ದ ಹಾಡಿನ ಶ್ರುತಿಯನ್ನು ಕರಿ ಮೂರಕ್ಕೆ ಎತ್ತುತ್ತಾರೆ, ವೇಗ ತುಸು ಏರಿಸುತ್ತಾರೆ, ಶುರುವಿಗೆ ಟ್ರ್ಯಾಕ್ಟರ್ ಹಾರ್ನ್ ಜೋಡಿಸುತ್ತಾರೆ. ಯೂಟ್ಯೂಬಿನ ಯಂತ್ರಕ್ಕೆ ಗುರುತು ಸಿಗಬಾರದು ಎಂಬ ಲೆಕ್ಕ. ಯಂತ್ರಕ್ಕೆ ಎಷ್ಟೋ ಸಲ ಗುರುತು ಸಿಗುತ್ತದೆ, ಹಾಡಿದವನ ಹೆಂಡತಿಗೆ ಸಿಗುವುದಿಲ್ಲ. ನಲವತ್ತು ದಾಟಿದ ಗಂಡನ ದನಿ ಏಳನೇ ಇಯತ್ತೆಯ ಹುಡುಗನದಾಗಿರುತ್ತದೆ. ಇಷ್ಟು ಶ್ರಮಪಟ್ಟವರು ಕೆಳಗೆ ‘ಕಾಪಿರೈಟ್ ಉಲ್ಲಂಘಿಸುವ ಉದ್ದೇಶವಿಲ್ಲ, ಮನರಂಜನೆಗಾಗಿ ಮಾತ್ರ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಎಮ್ಮೆ ಹೊಡೆದುಕೊಂಡು ಹೋಗುವಾಗ ಅದರ ಕೊಂಬಿಗೆ ‘ಕದಿಯುವ ಉದ್ದೇಶವಿಲ್ಲ, ಹಾಲಿಗಾಗಿ ಮಾತ್ರ’ ಎಂದು ಚೀಟಿ ಕಟ್ಟಿದ ಹಾಗೆ. 30 ಸೆಕೆಂಡಿನ ತನಕ ತೆಗೆದುಕೊಂಡರೆ ಮಾಫಿ ಎಂದು ಚಹಾದಂಗಡಿಗಳಲ್ಲಿ ಚಾಲ್ತಿಯಿರುವ ಕಾನೂನು ಕಾಯ್ದೆಯ ಯಾವ ಕಲಮಿನಲ್ಲೂ ಇಲ್ಲ. ಕಾಯ್ದೆ ಗಡಿಯಾರ ನೋಡುವುದಿಲ್ಲ, ತೆಗೆದುಕೊಂಡದ್ದು ಹಾಡಿನ ತಿರುಳೋ ಅಲ್ಲವೋ ಎಂದು ನೋಡುತ್ತದೆ. ಪಲ್ಲವಿಯೇ ತಿರುಳು.

ಹಾಗೆಂದು ಬರೆದವರನ್ನು ಅಡ್ಡಪಲ್ಲಕ್ಕಿಯಲ್ಲಿ ಕೂಡಿಸುವ ಹಾಗೂ ಇಲ್ಲ. ‘ನನ್ನ ಹಾಡ ಕದ್ದಾರ್ರಿ’ ಎಂದು ಎದೆ ಬಡಿದುಕೊಳ್ಳುವವನ ಹಾಡನ್ನು ಗುನುಗಿ ನೋಡಿ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಹಳೆಯ ಹಿಂದಿ ಸಿನಿಮಾದ ನಾಯಕಿ ಮರದ ಹಿಂದಿನಿಂದ ಇಣುಕುತ್ತಾಳೆ, ಇಲ್ಲವೇ ಮರಾಠಿ ಮೀನುಗಾರರ ಕೋಳಿಗೀತೆಯ ದೋಣಿ ತೇಲಿಬರುತ್ತದೆ. ಶಬ್ದ ಇವನದು, ಧಾಟಿ ಕಡ ತಂದದ್ದು. ಜಾತ್ರೆಯಲ್ಲಿ ಮಾರುವ ಭಜನಾ ಪುಸ್ತಕದವರು ಇವರಿಗಿಂತ ಪ್ರಾಮಾಣಿಕರು. ಪದದ ನೆತ್ತಿಯ ಮೇಲೇ ‘ಧಾಟಿ’ ಎಂದು ಬರೆದು, ಯಾವ ಚಿತ್ರಗೀತೆಯದು ಎಂದು ಅಚ್ಚು ಹಾಕುತ್ತಿದ್ದರು. ಕಾಯ್ದೆಗೆ ಸಾಹಿತ್ಯ ಒಂದು ಕೃತಿ, ಸಂಗೀತ ಇನ್ನೊಂದು, ಇವೆರಡೂ ಸೇರಿ ತಯಾರಾದ ರೆಕಾರ್ಡಿಂಗ್ ಮೂರನೆಯದು. ಮೂರಕ್ಕೂ ಬೇರೆ ಬೇರೆ ಮಾಲೀಕರಿರಬಹುದು. ರೆಕಾರ್ಡಿಂಗಿನ ಒಡೆತನ ರೊಕ್ಕ ಹಾಕಿ ಮಾಡಿಸಿದ ನಿರ್ಮಾಪಕನದು, 60 ವರ್ಷ. ಸಿನಿಮಾ ಧಾಟಿಗೆ ಸ್ವಂತ ಶಬ್ದ ಕೂಡಿಸಿದವನು ಶಬ್ದಕ್ಕೆ ಮಾತ್ರ ವಾರಸುದಾರ, ಧಾಟಿಯ ಮಟ್ಟಿಗೆ ಅವನೇ ಆರೋಪಿ. ನಿಜವಾಗಿ ಎಲ್ಲರಿಗೂ ಸೇರಿದ ಗೀಗೀ ಮಟ್ಟು, ತ್ರಿಪದಿಯ ಮಟ್ಟು ಹಿಡಿದು ಬರೆದರೆ ಯಾವ ತಕರಾರೂ ಇಲ್ಲ. ಆದರೆ ಅದಕ್ಕೆ ಡಿಜೆ ಬೇಸ್ ಕೂಡುವುದಿಲ್ಲವಂತೆ.

ಇನ್ನು ಬಾಂಡ್. ಸ್ಟುಡಿಯೊಕ್ಕೆ ಹಾಡು ಕೊಡುವಾಗ ಮೊದಲು ಚಹಾ ಬರುತ್ತದೆ, ಹಿಂದೆಯೇ ಛಾಪಾ ಕಾಗದ ಬರುತ್ತದೆ. ‘ಸದರಿ ಹಾಡಿನ ಸಕಲ ಹಕ್ಕುಗಳನ್ನು ಶಾಶ್ವತವಾಗಿ, ಇಡೀ ಬ್ರಹ್ಮಾಂಡಕ್ಕೆ ಅನ್ವಯಿಸುವಂತೆ’ ಬರೆದುಕೊಡುವುದು. ಚಂದ್ರನ ಮೇಲೆ ಜಾತ್ರೆ ನಡೆದರೆ ಅಲ್ಲಿನ ರಸಮಂಜರಿಯ ಹಕ್ಕೂ ಸ್ಟುಡಿಯೊದ್ದೇ. ಹೊಲದ ಬದು ಒಂದು ಗೇಣು ಸರಿದರೆ ಸರ್ವೇದವರನ್ನು ಕರೆಸುವ ಮನುಷ್ಯ, ಬ್ರಹ್ಮಾಂಡವನ್ನು ಒಂದು ಕಪ್ ಚಹಾಕ್ಕೆ ಸಹಿ ಮಾಡಿ ಎದ್ದುಬರುತ್ತಾನೆ. ಕಲಂ 19 ಹೇಳುವುದೇ ಬೇರೆ. ಕರಾರು ಬರಹದಲ್ಲಿರಬೇಕು, ಕೊಡುವವನ ಸಹಿ ಇರಬೇಕು, ಯಾವ ಹಾಡು, ಯಾವ ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶ, ರಾಯಲ್ಟಿ ಎಷ್ಟು ಎಂಬುದು ಬಿಡಿಸಿ ಬರೆದಿರಬೇಕು. ವರ್ಷ ಬರೆಯದಿದ್ದರೆ ಐದೇ ವರ್ಷ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಬೇರೆ ಮಾತು ಬರೆದಿರದಿದ್ದರೆ, ಒಂದು ವರ್ಷದೊಳಗೆ ಬಳಸದ ಹಕ್ಕು ಬರೆದವನಿಗೇ ವಾಪಸು. 2012ರ ತಿದ್ದುಪಡಿಯ ಮೇಲಂತೂ ರಾಯಲ್ಟಿಯ ಸಮಪಾಲನ್ನು ‘ನನಗ ಬ್ಯಾಡ’ ಎಂದು ಬರೆದುಕೊಟ್ಟರೂ ಆ ಸಾಲಿಗೆ ಬೆಲೆಯಿಲ್ಲ. ಹಾಡು ಮಾರಿದ ಮೇಲೂ ‘ಇದನ್ನು ಬರೆದವನು ನಾನು’ ಎನ್ನುವ ಹಕ್ಕು ಕಲಂ 57ರ ಪ್ರಕಾರ ಉಳಿದೇ ಇರುತ್ತದೆ. ಇದು ನೋಟರಿಯ ಟೇಬಲ್ಲಿನ ಸುತ್ತ ನೆರೆದ ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿರುವವನು ಚಹಾ ತರಿಸಿದವನೊಬ್ಬನೇ.

ಕಬ್ಬಿನ ಹಂಗಾಮಿನಲ್ಲಿ ರಾತ್ರಿ ರಸ್ತೆಗೆ ಬಂದರೆ ವಿಷಯ ಸ್ಪಷ್ಟವಾಗುತ್ತದೆ. ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಮೇಲೆ ಎರಡು ಸರಕು. ಒಂದು ಕಬ್ಬು, ಇನ್ನೊಂದು ಹಾಡು. ಕಬ್ಬು ಕಾರ್ಖಾನೆಯ ಕಾಟಾದ ಮೇಲೆ ನಿಲ್ಲುತ್ತದೆ, ತೂಕದ ಚೀಟಿ ಬರುತ್ತದೆ, ಕ್ವಿಂಟಲ್ ಹೆಚ್ಚುಕಡಿಮೆಯಾದರೆ ಜಗಳ, 14 ದಿನದೊಳಗೆ ಬಿಲ್ ಕೊಡಬೇಕೆಂದು ಕೇಂದ್ರ ಸರ್ಕಾರದ ಆದೇಶ, ಕೊಡದಿದ್ದರೆ ರಸ್ತೆ ತಡೆ. ಹಾಡು ಅದೇ ರಸ್ತೆಯಲ್ಲಿ, ಅದೇ ಟ್ರ್ಯಾಕ್ಟರಿನಲ್ಲಿ, ಊರಿಗೆ ಊರೇ ಎಚ್ಚರಾಗುವಷ್ಟು ಜೋರಾಗಿ ಹೋಗುತ್ತದೆ. ಅದನ್ನು ತೂಗುವ ಕಾಟಾ ಇಲ್ಲವೆಂದಲ್ಲ. ಸಾಹಿತ್ಯ ಮತ್ತು ಸಂಗೀತ ಕರ್ತೃಗಳ ರಾಯಲ್ಟಿ ವಸೂಲಿಗೆಂದೇ 1969ರಿಂದ ಐಪಿಆರ್‌ಎಸ್ ಎಂಬ ಸೊಸೈಟಿ ಇದೆ. ಸದಸ್ಯನಾಗಿ, ಪ್ರತಿ ಹಾಡಿನ ಹೆಸರು ಮತ್ತು ಪಾಲುದಾರರ ಶೇಕಡಾವಾರು ಲೆಕ್ಕ ದಾಖಲಿಸಬೇಕು. ‘ಜನಪದ’ ಸದಸ್ಯತ್ವದ ಅರ್ಜಿ ಹಾಕಿದ ಹಾಗೆ ಕಾಣುವುದಿಲ್ಲ.

ಮದುವೆಯ ಮೆರವಣಿಗೆಗೂ ಸರ್ಕಾರದ ಉತ್ಸವಕ್ಕೂ ಕಾಯ್ದೆಯೇ ಕಲಂ 52ರಲ್ಲಿ ವಿನಾಯ್ತಿ ಕೊಟ್ಟಿದೆ, ಅಲ್ಲಿ ಹಾಡು ನುಡಿಸಿದರೆ ಉಲ್ಲಂಘನೆಯಲ್ಲ. ಆದ್ದರಿಂದ ಆ ದೂರು ಇಲ್ಲಿ ಬೇಡ. ವೇದಿಕೆಯ ಮೇಲಿನ ಮಂದಿಗೆಲ್ಲ ಶಾಲು ಹೊದಿಸುವ ಉತ್ಸವದಲ್ಲಿ ಬರೆದವನ ಹೆಸರು ಮೈಕಿನಲ್ಲಿ ಹೇಳಬಾರದೆಂದು ಯಾವ ಕಲಮೂ ಹೇಳಿಲ್ಲ, ಅಷ್ಟೇ.

ಅಂತೂ ಒಬ್ಬ ಧೈರ್ಯ ಮಾಡಿ ಠಾಣೆಗೆ ಹೋದ ಎನ್ನಿ.

‘ಹಾಡ ಕಳುವಾಗೇತ್ರಿ ಸಾಹೇಬ್ರ.’

‘ಎಲ್ಲಿ ಇಟ್ಟಿದ್ದಿ?’

‘ತಲ್ಯಾಗ ಇತ್ರಿ.’

‘ಈಗ ತಲ್ಯಾಗ ಇಲ್ಲೇನು?’

‘ಐತ್ರಿ.’

‘ನಿನ್ನ ತಲ್ಯಾಗ ಇನ್ನೂ ಐತಿ ಅಂದಮ್ಯಾಲ ಕಳುವು ಹ್ಯಾಂಗಾತಪಾ? ನಡಿ, ಮನಿಗೆ ನಡಿ.’

ತರ್ಕ ಗಟ್ಟಿಯಾಗಿದೆ, ಎಮ್ಮೆಯ ವಿಷಯದಲ್ಲಿ. ಹಾಡಿಗೆ ಕಲಂ 63 ಇದೆ: ಗೊತ್ತಿದ್ದೂ ಕದ್ದವನಿಗೆ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷದ ತನಕ ದಂಡ. ಸಬ್‌ಇನ್‌ಸ್ಪೆಕ್ಟರ್ ದರ್ಜೆಯವರು ವಾರಂಟ್ ಇಲ್ಲದೆ ಕದ್ದ ಪ್ರತಿಗಳನ್ನು ಜಪ್ತಿ ಮಾಡಬಹುದು. ಇದು ವಾರಂಟಿಲ್ಲದೆ ಬಂಧಿಸಬಹುದಾದ, ಜಾಮೀನು ರಹಿತ ಅಪರಾಧ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಜಪ್ತಿ ಮಾಡುವುದು ಏನನ್ನು? ಡಿಜೆ ಗಾಡಿಯ ಬೇಸ್ ಬಾಕ್ಸ್ ಇಳಿಸಲಿಕ್ಕೆ ಆರು ಮಂದಿ ಬೇಕು, ಗಣಪತಿ ಬೇರೆ ಹತ್ತಿರ ಬಂದಿದೆ. ಸಿವಿಲ್ ದಾವೆಯನ್ನಾದರೂ ಹಾಡಿನ ಮಾಲೀಕ ತಾನಿರುವ ಜಿಲ್ಲೆಯ ಕೋರ್ಟಿನಲ್ಲೇ ಹಾಕಬಹುದು, ಕದ್ದವನ ಊರಿಗೆ ಅಲೆಯಬೇಕಾಗಿಲ್ಲ.

ಯೂಟ್ಯೂಬಿನ ನ್ಯಾಯ ಇದಕ್ಕಿಂತ ರಸವತ್ತಾಗಿದೆ. ಬರೆದಾತ ಒಂದು ಸಂಜೆ ಮನೆಯ ಕಟ್ಟೆಯ ಮೇಲೆ ಕೂತು ತನ್ನದೇ ಹಾಡನ್ನು ದಪ್ಪಿನ ಮೇಲೆ ಹಾಡಿ ಮೊಬೈಲಿನಲ್ಲಿ ಏರಿಸುತ್ತಾನೆ. ತಾಸಿನೊಳಗೆ ನೋಟಿಸ್: ಈ ವಿಡಿಯೊದಲ್ಲಿ ಬೇರೆಯವರ ಹಾಡಿದೆ, ಜಾಹೀರಾತಿನ ಹಣ ಅವರಿಗೆ. ಬೇರೆಯವರೆಂದರೆ ಕೊನೆಯ ನುಡಿ ಕತ್ತರಿಸಿದವರೇ. ಇವನು ತಕರಾರು ಸಲ್ಲಿಸಿದರೆ ಅದು ಮೊದಲು ಹೋಗುವುದು ಅವರ ಹತ್ತಿರವೇ. ಕಳುವಿನ ದೂರನ್ನು ಕಳ್ಳನ ಮನೆಗೇ ಮುಟ್ಟಿಸಿ, ಯೋಚಿಸಿ ಹೇಳಲಿಕ್ಕೆ ಅವನಿಗೆ 30 ದಿನ ಕೊಡುವ ಕ್ರಮ. ಅವರು ತಳ್ಳಿಹಾಕಿದರೆ ಮೇಲ್ಮನವಿ, ಅದಕ್ಕೆ ಉತ್ತರಿಸಲು ಮತ್ತೆ 7 ದಿನ. ಅಷ್ಟರ ಮೇಲೂ ಅವರು ವಿಡಿಯೊ ತೆಗೆಸಿದರೆ ಚಾನೆಲ್ಲಿಗೆ ಒಂದು ಸ್ಟ್ರೈಕ್, ಮೂರಾದರೆ ಚಾನೆಲ್ಲೇ ಬಂದ್. ಪ್ರತಿನೋಟಿಸ್ ಕೊಡಬಹುದು, ಆದರೆ ಅದರಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟಿನ ವ್ಯಾಪ್ತಿಗೆ ಒಪ್ಪಿದ್ದೇನೆ ಎಂದು ಬರೆಯಬೇಕು. ಗೋಕಾಕ ಕೋರ್ಟಿನ ತಾರೀಖಿಗೆ ಹೋಗಲಿಕ್ಕೆ ಒಂದು ದಿನದ ಪಗಾರ ಬಿಡಬೇಕಾದವನು ಅಲ್ಲಿಗೇ ಮೊಬೈಲ್ ಕೆಳಗಿಡುತ್ತಾನೆ.

ತಮಾಷೆಯೆಂದರೆ, ಆ ಚಾನೆಲ್ಲಿನವರು ಅದೇ ಹಾಡಿಗೆ ಎರಡು ಕಡೆ ಎರಡು ಜಾತಿ ಬರೆಸಿರುತ್ತಾರೆ. ಜನರಿಗೆ ಕಾಣುವಲ್ಲಿ ‘ಜನಪದ’. ಹಾಡುಗಳನ್ನು ಎಲ್ಲ ಆ್ಯಪ್‌ಗಳಿಗೆ ಹಂಚುವ ಕಂಪನಿಯ ಫಾರ್ಮಿನಲ್ಲಿ ‘ಸಂಪೂರ್ಣ ಹಕ್ಕು ನಮ್ಮದೇ’ ಎಂಬ ಚೌಕಕ್ಕೆ ಟಿಕ್. ನಿಜವಾಗಿ ಜನಪದವಾದರೆ ಅವರ ಹಕ್ಕು ಅವರ ರೆಕಾರ್ಡಿಂಗಿಗೆ ಮಾತ್ರ, ಕಟ್ಟೆಯ ಮೇಲೆ ಕೂತು ಹಾಡಿದವನ ಗಂಟಲಿಗಲ್ಲ. ಬರೆದವನು ಕೇಳಿದರೆ ಹಾಡು ಊರದು, ಜಾಹೀರಾತು ಬಂದರೆ ತಮ್ಮದು.

ಬರೆದವರು ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಹಾಡು ಹುಟ್ಟಿದ ಗಳಿಗೆಯಿಂದ ಹಕ್ಕು ಇದ್ದೇ ಇದೆ, ನೋಂದಣಿ ಕಡ್ಡಾಯವಲ್ಲ. ಆದರೆ ಕೋರ್ಟಿನಲ್ಲಿ ಮೊದಲ ಸಾಕ್ಷಿ ಆಗುವುದು ನೋಂದಣಿಯ ಕಾಗದವೇ, ನಮ್ಮ ಹೆಸರಿಗೆ ನಾವೇ ಟಪಾಲು ಹಾಕಿ ಒಡೆಯದೆ ಇಟ್ಟುಕೊಂಡ ಲಕೋಟೆಯಲ್ಲ. ಸ್ಟುಡಿಯೊಕ್ಕೆ ಹೋಗುವ ಮುಂಚೆ ಪೂರ್ತಿ ಹಾಡು, ಕೊನೆಯ ನುಡಿಯೂ ಸೇರಿ, ತಾರೀಖು ಹಾಕಿ ಬರೆದು, ಹಾಡಿ ರೆಕಾರ್ಡ್ ಮಾಡಿ, ಆ ಫೈಲನ್ನು ತಮಗೇ ಈಮೇಲ್ ಮಾಡಿಕೊಳ್ಳಬೇಕು. ಆಮೇಲೆ ಕಾಪಿರೈಟ್ ಕಚೇರಿಯ ಪೋರ್ಟಲ್ಲಿನಲ್ಲಿ 14ನೇ ನಮೂನೆ. ಸಾಹಿತ್ಯಕ್ಕೆ 500 ರೂಪಾಯಿ, ಸಂಗೀತಕ್ಕೆ ಬೇರೆ 500, ರೆಕಾರ್ಡಿಂಗಿಗಾದರೆ 2,000. ಡೈರಿ ಸಂಖ್ಯೆ ಸಿಕ್ಕ ಮೇಲೆ ಯಾರಾದರೂ ಆಕ್ಷೇಪ ಎತ್ತುತ್ತಾರೋ ಎಂದು 30 ದಿನ ಕಾಯುತ್ತಾರೆ. ಧಾಟಿ ಬೇರೆಯವರದಾದರೆ ಸಿಕ್ಕಿಬೀಳುವುದೂ ಇಲ್ಲಿಯೇ.

ಕದ್ದವರೂ ಇದೇ ನಮೂನೆ ತುಂಬಲಿಕ್ಕೆ ಕೂತರೆ ನೋಡಬೇಕು. ಕೃತಿಯ ಹೆಸರು, ಭಾಷೆ, ಎಲ್ಲ ಸರಾಗವಾಗಿ ಹೋಗುತ್ತದೆ. ಆಮೇಲೆ ಒಂದು ಕಾಲಂ ಬರುತ್ತದೆ: ಕರ್ತೃವಿನ ಹೆಸರು, ವಿಳಾಸ, ರಾಷ್ಟ್ರೀಯತೆ, ಕರ್ತೃ ತೀರಿಕೊಂಡಿದ್ದರೆ ಮರಣದ ದಿನಾಂಕ.

‘ಜನಪದ ಅಂತ ಬರಿ.’

‘ಬರದೆ. ಪತ್ತೆ ಏನಂತ ಹಾಕ್ಲಿ? ಮತ್ತ ಸತ್ತ ತಾರೀಖು?’